ಕೂತ ಎತ್ತಿನ ಗುಡಿಯಲ್ಲಿ ಜಯಮ್ಮ

ಸ್ಯಾನ್ ಡಿಯೇಗೊದ ಕನ್ನಡದ ಮನೆಗಳಲ್ಲಿ ಯಾರಿಗೆ ಪರೀಕ್ಷೆ ಬಂದರೂ ಮೊದಲು ನೆನಪಾಗುತ್ತಿದ್ದವಳು ಜಯಮ್ಮ. ಪರೀಕ್ಷೆಯ ಬೆಳಿಗ್ಗೆ ತಾಯಂದಿರು ಮಕ್ಕಳನ್ನು ಕಾರಿನಲ್ಲಿ ಹಾಕಿಕೊಂಡು ರಾಂಚೊ ಬರ್ನಾರ್ಡೊದ ಗುಡ್ಡ ಹತ್ತಿ ಅವಳ ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ಎಂಜಿನ್ ಆರಿಸುತ್ತಲೂ ಇರಲಿಲ್ಲ. ಜಯಮ್ಮ ಬಟ್ಟಲು ಹಿಡಿದು ಬಾಗಿಲಲ್ಲೇ ಕಾದಿರುತ್ತಿದ್ದಳು. ಕಾರಿನ ಕಿಟಕಿಯೊಳಗೆ ಕೈ ತೂರಿಸಿ ಒಂದು ಚಮಚ ಮೊಸರು ಸಕ್ಕರೆ ತಿನ್ನಿಸಿ, ತುಟಿ ಒರೆಸಿ ಕಳಿಸುತ್ತಿದ್ದಳು. ಗದಗ, ಹಾಸನ, ಪುತ್ತೂರುಗಳಿಂದ ಯೂನಿವರ್ಸಿಟಿಗೆ ಓದಲು ಬಂದ ಹುಡುಗರು ದೊಡ್ಡ ಪರೀಕ್ಷೆಯ ಹಿಂದಿನ ಭಾನುವಾರ ಬಂದು ಹೊಟ್ಟೆ ತುಂಬ ಉಂಡು, ಮರುದಿನಕ್ಕೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಪಾಸಾದವರು ಫೋನ್ ಮಾಡಿ, "ಎಲ್ಲಾ ನಿಮ್ಮ ಕೈಗುಣ ಆಂಟಿ" ಎನ್ನುವರು. ಫೇಲಾದವರು ಫೋನೇ ಮಾಡುತ್ತಿರಲಿಲ್ಲ. ಹೀಗಾಗಿ ಜಯಮ್ಮನ ಕೈಗುಣಕ್ಕೆ ಒಂದು ದಿನವೂ ಕಪ್ಪುಚುಕ್ಕೆ ಬೀಳಲಿಲ್ಲ.

ಆ ಕೈಗುಣ ಶುರುವಾದದ್ದು ದಾವಣಗೆರೆಯಲ್ಲಿ. ಬಿ.ಎಸ್ಸಿ. ಓದುತ್ತಿರುವಾಗಲೇ ಮದುವೆಯಾಗಿ ಅವಳು ವೀರಣ್ಣನ ಮನೆಗೆ ಬಂದಳು. ಅಲ್ಲಿ ಓದುವ ಮೈದುನರು ತುಂಬಿದ್ದರು. ಒಬ್ಬನಿಗೆ ಬೆಳಗಿನ ಜಾವ ಚಹಾ, ಇನ್ನೊಬ್ಬನಿಗೆ ಸ್ನಾನಕ್ಕೆ ಬಿಸಿನೀರು, ಮತ್ತೊಬ್ಬನ ಶರ್ಟಿಗೆ ಇಸ್ತ್ರಿ. ಓದುವವರಿಗೆ ತೊಂದರೆಯಾಗಬಾರದೆಂದು ಒರಳಿನಲ್ಲಿ ಕೂಡ ಅವಳು ಸದ್ದಿಲ್ಲದೆ ರುಬ್ಬಲು ಕಲಿತಳು. ಒರಳುಕಲ್ಲನ್ನು ಸದ್ದಿಲ್ಲದೆ ತಿರುಗಿಸುವುದು ಎಷ್ಟು ಕಷ್ಟವೆಂದು ರುಬ್ಬಿದವರಿಗೇ ಗೊತ್ತು. ಅವಳ ಕೊನೆಯ ವರ್ಷದ ಕೆಮಿಸ್ಟ್ರಿ ಪೇಪರೂ ಅತ್ತೆಯ ಕಣ್ಣಿನ ಆಪರೇಶನ್ನೂ ಒಂದೇ ದಿನ ಬಂದವು. "ಮುಂದಿನ ಸಲ ಬರದ್ರಾತು ಬಿಡವ್ವ, ಪರೀಕ್ಷೆ ಎಲ್ಲಿಗೆ ಓಡಿ ಹೋಗ್ತದೆ" ಎಂದರು ಮಾವ. ಪರೀಕ್ಷೆ ಎಲ್ಲಿಗೂ ಓಡಿ ಹೋಗಲಿಲ್ಲ. ಓಡಿದವಳು ಜಯಮ್ಮ. ಮುಂದಿನ ಸಲ ಬರುವಷ್ಟರಲ್ಲಿ ವೀರಣ್ಣನಿಗೆ ಲಾಸ್ ಏಂಜಲಿಸ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿ, ಅವಳು ಎರಡು ಸೂಟ್‌ಕೇಸುಗಳ ಜೊತೆ ವಿಮಾನದಲ್ಲಿದ್ದಳು. ಅಲ್ಲಿ ಅವನ ಪರೀಕ್ಷೆಗಳು. ಅವು ಮುಗಿದ ಮೇಲೆ ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯಲ್ಲಿ ಅವನಿಗೆ ಕೆಲಸ, ಆಮೇಲೆ ಮಗಳು ನಿಹಾರಿಕಾ, ಅವಳ ಕಾಗುಣಿತದ ಸ್ಪರ್ಧೆ, ಅವಳ ಪಿಯಾನೊ ಪರೀಕ್ಷೆ.

ಇಷ್ಟರ ನಡುವೆ ಒಂದು ದಿನ ಜಯಮ್ಮ ರಕ್ತದ ತಪಾಸಣೆಗೆಂದು ಕ್ಲಿನಿಕ್ಕಿಗೆ ಹೋದಳು. ರಕ್ತ ತೆಗೆದವಳು ಅವಳದೇ ವಯಸ್ಸಿನ ಒಬ್ಬ ಫಿಲಿಪಿನೊ ಹೆಂಗಸು. ಬೆರಳಿನಿಂದ ಮೊಣಕೈಯ ಒಳಭಾಗವನ್ನು ಮೆಲ್ಲಗೆ ಒತ್ತಿ ನೋಡಿದಳು, ಕಣ್ಣು ಅರೆ ಮುಚ್ಚಿದಳು, ಸೂಜಿ ಒಳಗೆ ಹೋದದ್ದು ಜಯಮ್ಮನಿಗೆ ಗೊತ್ತೇ ಆಗಲಿಲ್ಲ. ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವ ಹಾಗೆಯೇ ಇತ್ತು ಆ ಬೆರಳಿನ ಕೆಲಸ. ವ್ಯತ್ಯಾಸ ಒಂದೇ: ಈ ಬೆರಳಿಗೆ ಸಂಬಳವಿತ್ತು, ಎದೆಯ ಮೇಲೆ ಹೆಸರಿನ ಬಿಲ್ಲೆಯಿತ್ತು. "ಇದನ್ನು ಎಲ್ಲಿ ಕಲಿಸುತ್ತಾರೆ?" ಎಂದು ಜಯಮ್ಮ ಕೇಳಿಬಿಟ್ಟಳು. ಆ ವಾರವೇ ಸಂಜೆಯ ಕ್ಲಾಸಿಗೆ ಸೇರಿದಳು.

ಮನೆಯಲ್ಲಿ ಅದಕ್ಕೆ "ಅಮ್ಮನ ಕ್ಲಾಸು" ಎಂದು ಹೆಸರಾಯಿತು, ಯೋಗದ ಕ್ಲಾಸೋ ರಂಗೋಲಿಯ ಕ್ಲಾಸೋ ಎಂಬಂತೆ. ಅವಳೋ, ಕಂಡವರ ಕೈಯಲ್ಲೆಲ್ಲ ರಕ್ತನಾಳ ಹುಡುಕತೊಡಗಿದಳು. ವೀರಣ್ಣ ಟಿವಿ ನೋಡುವಾಗ ಪಕ್ಕ ಕೂತು ಅವನ ತೋಳು ಒತ್ತುವಳು. "ಪ್ರೀತಿ ಉಕ್ಕಿ ಬಂತು ಅನ್ಕೊಂಡೆ, ನರ ಹುಡುಕ್ತಿದೀಯಾ?" ಎಂದು ಅವನು ಕೈ ಎಳೆದುಕೊಳ್ಳುವನು. ಯುಗಾದಿಯ ಊಟದಲ್ಲಿ ಗೆಳತಿಯರು ಅವಳ ಕೈ ಕುಲುಕಲು ಹಿಂಜರಿದರು. "ಜಯಮ್ಮ ಕೈ ಹಿಡಿದ್ರೆ ಬಾಟ್ಲಿ ತುಂಬೋವರೆಗೂ ಬಿಡಲ್ಲ ಕಣ್ರೇ" ಎಂದು ನಕ್ಕರು. ಜಯಮ್ಮನೂ ನಕ್ಕಳು. ಆದರೆ ಕ್ಲಾಸು ಮುಗಿಸಿದಳು, ಆಸ್ಪತ್ರೆಯಲ್ಲಿ ನಿಂತು ಮಾಡುವ ತರಬೇತಿಯನ್ನೂ ಮುಗಿಸಿದಳು. ಉಳಿದದ್ದು ರಕ್ತ ತೆಗೆಯುವ ಲೈಸೆನ್ಸಿಗೆ ಬೇಕಾದ ಪರೀಕ್ಷೆಯೊಂದೇ. ಅದೇ ಕ್ಲಿನಿಕ್ಕಿನವರು ಫೆಬ್ರವರಿಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಅಷ್ಟರಲ್ಲಿ ಪಾಸಾಗಿ ಬನ್ನಿ, ತಡವಾದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದರು.

2006ರ ಜನವರಿಯ ಕೊನೆಯ ಶನಿವಾರ, ಲಾಸ್ ಏಂಜಲಿಸ್‌ನಿಂದಲೂ ಆಚೆಯ ಪಸಡೀನಾದಲ್ಲಿ ಅವಳ ಪರೀಕ್ಷೆ. ಅದೇ ಶನಿವಾರ ಪೊವೇ ಊರಿನ ಹೈಸ್ಕೂಲಿನಲ್ಲಿ ನಿಹಾರಿಕಾಳ ಕಾಲೇಜು ಪ್ರವೇಶದ ಪರೀಕ್ಷೆ, ಎಸ್‌ಎಟಿ. ಅದೇ ಶನಿವಾರ ವೀರಣ್ಣನ ಟೇಪ್‌ಔಟ್, ಅಂದರೆ ವರ್ಷವಿಡೀ ತಿದ್ದಿದ ಚಿಪ್ಪಿನ ನಕ್ಷೆಯನ್ನು ಕೊನೆಗೂ ಕಾರ್ಖಾನೆಗೆ ಕಳಿಸಿಕೊಡುವ ದಿನ.

"ನಾನು ಅವತ್ತು ಅಲ್ಲಾಡೋ ಹಾಗಿಲ್ಲ" ಎಂದ ವೀರಣ್ಣ, ಚಪಾತಿ ಮುರಿಯುತ್ತ. "ಮಗೂನ ಬಿಟ್ಟು, ಮಧ್ಯಾಹ್ನ ಕರ್ಕೊಂಡು ಬರೋರು ಯಾರು? ನಿಂದು ಮುಂದಿನ ಸಲ ಬರಿ. ಓಡಿ ಹೋಗುತ್ತಾ ಪರೀಕ್ಷೆ?"

ಜಯಮ್ಮನ ಕೈಯಲ್ಲಿ ಲಟ್ಟಣಿಗೆ ಒಂದು ಕ್ಷಣ ನಿಂತಿತು. ಇವನು ಅಂದು ದಾವಣಗೆರೆಯ ಆ ಪಡಸಾಲೆಯಲ್ಲಿ ಇರಲೇ ಇಲ್ಲ, ಬೆಂಗಳೂರಿನಲ್ಲಿದ್ದ. ಆದರೂ ಮಾತು ಅಪ್ಪನದೇ. ಒಂದು ಮಾತು ರಕ್ತದಲ್ಲಿ ಹರಿದು ಬರುತ್ತದೆಯೆಂದು ಅವಳ ಪುಸ್ತಕದಲ್ಲೆಲ್ಲೂ ಬರೆದಿರಲಿಲ್ಲ.

"ಹೂಂ" ಎಂದಳು. "ಸೋಮವಾರ ಸಂಜೆಯೊಳಗೆ ಫೋನ್ ಮಾಡಿದ್ರೆ ಡೇಟ್ ಬದಲಾಯಿಸಿ ಕೊಡ್ತಾರಂತೆ."

"ಮಾಡಿಬಿಡು ಮತ್ತೆ" ಎಂದ ಅವನು. ಕೆಟ್ಟವನೇನಲ್ಲ ವೀರಣ್ಣ. ಇನ್ನೊಂದು ಚಪಾತಿ ಬೇಕೆಂದು ತಟ್ಟೆ ಮುಂದೆ ಹಿಡಿದ, ಅಷ್ಟೆ.

ಆ ಸೋಮವಾರಕ್ಕೆ ಮುಂಚಿನ ಭಾನುವಾರ ಅವರು ಗುಡಿಗೆ ಹೊರಟರು. ನಿಹಾರಿಕಾಳ ಸ್ನೇಹಿತೆ ಎಮಿಯ ತಾಯಿ ಹೇಳಿದ್ದಳು: ಲಾಸ್ ಏಂಜಲಿಸ್ ಪಕ್ಕದ ಗಾರ್ಡೀನಾದಲ್ಲಿ, ಗಿಡ ಮಾರುವ ನರ್ಸರಿಯೊಂದರ ಹಿಂದೆ, ಜಪಾನಿಯರ ಒಂದು ಚಿಕ್ಕ ಶಿಂಟೊ ಗುಡಿಯಿದೆ, ಅಲ್ಲಿರುವುದು ವಿದ್ಯೆಯ ದೇವರು, ತೆಂಜಿನ್, ಎಸ್‌ಎಟಿಗೆ ಮುಂಚೆ ನಾವೆಲ್ಲ ಹೋಗಿ ಬರುತ್ತೇವೆ. "ಸರಸ್ವತಿಗೂ ಹೇಳಿ ಆಯ್ತು, ಗಣಪತಿಗೂ ಹೇಳಿ ಆಯ್ತು. ಇವರಿಗೂ ಒಂದು ಮಾತು ಹೇಳಿಬಿಡೋಣ" ಎಂದ ವೀರಣ್ಣ. ಅವನು ಎಂಜಿನಿಯರು. ಒಂದಕ್ಕೆ ಮೂರು ಬ್ಯಾಕಪ್ ಇಟ್ಟುಕೊಳ್ಳುವವನು.

ದಾರಿಯುದ್ದಕ್ಕೂ ಸಮುದ್ರದ ಮಂಜು. ಓಷನ್‌ಸೈಡ್ ದಾಟಿದ ಮೇಲೆ ಎಡಕ್ಕೆ ಸಮುದ್ರವಿರಬೇಕಿತ್ತು. ಕಾಣುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಪಕ್ಕದಲ್ಲೇ ದೊಡ್ಡದೊಂದು ಪ್ರಾಣಿ ಮಲಗಿ ಉಸಿರಾಡುತ್ತಿದೆ ಎಂದು ಮಾತ್ರ ಅನಿಸುತ್ತಿತ್ತು. ಹಿಂದಿನ ಸೀಟಿನಲ್ಲಿ ನಿಹಾರಿಕಾ ಕಿವಿಗೆ ಹಾಡು ಸಿಕ್ಕಿಸಿಕೊಂಡು ನಿದ್ದೆ ಹೋಗಿದ್ದಳು. ಜಯಮ್ಮ ತೊಡೆಯ ಮೇಲೆ ಊಟದ ಬ್ಯಾಗು ಇಟ್ಟುಕೊಂಡು ಮಂಜನ್ನೇ ನೋಡುತ್ತಿದ್ದಳು. ಮಂಜಿನೊಳಗಿಂದ ಒಂದೊಂದೇ ಕಾರಿನ ಕೆಂಪು ದೀಪ ಮೂಡಿ, ಸ್ವಲ್ಪ ದೂರ ಜೊತೆಗೆ ಬಂದು, ಮತ್ತೆ ಕರಗಿ ಹೋಗುತ್ತಿತ್ತು. ಸೋಮವಾರ ಮಾಡಬೇಕಾದ ಫೋನನ್ನು ಅವಳು ಮನಸ್ಸಿನಲ್ಲೇ ಮಾಡಿ ನೋಡಿದಳು. ಇಂಗ್ಲಿಷಿನಲ್ಲಿ ಏನು ಹೇಳಬೇಕು? ಮನೆಯಲ್ಲಿ ತೊಂದರೆ ಎನ್ನಬೇಕೇ? ಮನೆಯಲ್ಲಿ ತೊಂದರೆ ಏನೂ ಇರಲಿಲ್ಲ. ಎಲ್ಲರೂ ಚೆನ್ನಾಗಿದ್ದರು.

ಗಾರ್ಡೀನಾ ತಲುಪುವಷ್ಟರಲ್ಲಿ ಮಂಜು ತೆಳುವಾಗಿ, ಬಿಸಿಲು ಹಾಲಿನ ಹಾಗೆ ಬಿದ್ದಿತ್ತು. ನರ್ಸರಿಯ ಕುಂಡಗಳ ಸಾಲು ದಾಟಿದರೆ ಕೆಂಪು ಬಣ್ಣ ಬಳಿದ ಮರದ ಕಮಾನು. ಕಮಾನಿನಾಚೆ ಜಲ್ಲಿ ಹಾಸಿದ ಅಂಗಳ, ಬಚ್ಚಲಮನೆಯಷ್ಟೇ ಅಗಲದ ಮರದ ಗುಡಿ, ಪಕ್ಕದಲ್ಲಿ ಎಲೆಯೇ ಇಲ್ಲದ ಡೊಂಕು ಮರವೊಂದರ ತುಂಬ ಬಿಳಿ ಹೂವು. ಮೂಲೆಯ ಕಲ್ಲಿನ ತೊಟ್ಟಿಯಲ್ಲಿ ನೀರು, ಅದರ ಮೇಲೆ ಬಿದಿರಿನ ಸೌಟು. ಕೈ ತೊಳೆಯಲು ಇಟ್ಟ ನೀರದು. ಜಯಮ್ಮ ಕೈ ತೊಳೆದು, ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಕಾಲನ್ನೂ ತೊಳೆದುಕೊಂಡಳು. ಆಮೇಲೆ ತಲೆ ಎತ್ತಿದಳು, ಗುಡಿಯ ಎದುರು ಕಲ್ಲಿನ ಎತ್ತು ಮಲಗಿರುವುದು ಕಂಡಿತು.

ಕಾಲು ಮಡಿಸಿ ಕೂತ ಎತ್ತು. ಕತ್ತಿಗೆ ಕೆಂಪು ಬಟ್ಟೆ. ಮುಟ್ಟಿ ಮುಟ್ಟಿ ಹಣೆ ನುಣುಪಾಗಿ ಹೊಳೆಯುತ್ತಿತ್ತು.

"ಬಸವಣ್ಣ" ಎಂದಳು ಜಯಮ್ಮ, ಪರ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಪ್ಪನನ್ನು ಕಂಡವಳ ಹಾಗೆ.

ಮುಂದಿನದು ಅವಳು ಯೋಚಿಸಿ ಮಾಡಿದ್ದಲ್ಲ. ಎತ್ತಿನ ಪಕ್ಕ ಬಗ್ಗಿ, ಹೇಳಿದ್ದು ಸೋರಿ ಹೋಗಬಾರದೆಂದು ಅದರ ಆಚೆ ಕಿವಿಯನ್ನು ಅಂಗೈಯಲ್ಲಿ ಮುಚ್ಚಿ, ಈಚೆ ಕಿವಿಗೆ ಬಾಯಿ ಹಚ್ಚಿ, "ನನ್ನ ಮಗಳು ನಿಹಾರಿಕಾ, ಶನಿವಾರ ಎಸ್‌ಎಟಿ, ಒಳ್ಳೆ ಮಾರ್ಕ್ಸ್ ಬರಲಿ ನನ್ನಪ್ಪ" ಎಂದು ಪಿಸುಗುಟ್ಟಿದಳು. ಊರಿನ ಈಶ್ವರನ ಗುಡಿಯಲ್ಲಿ ನಂದಿಗೆ ಹೀಗೆಯೇ ಹೇಳುವುದು. ಸಾಹೇಬರಿಗೆ ಅರ್ಜಿ ಮುಟ್ಟಬೇಕಾದರೆ ಮೊದಲು ಬಾಗಿಲಲ್ಲಿ ಕೂತವನಿಗೆ ಹೇಳಬೇಕು.

"ಏ, ಏಳೇ" ಎಂದ ವೀರಣ್ಣ ಹಲ್ಲು ಕಚ್ಚಿಕೊಂಡು. "ನಮ್ಮ ಬಸವಣ್ಣ ಅಲ್ಲ ಇದು. ಜನ ನೋಡ್ತಿದಾರೆ."

ನೋಡುತ್ತಿದ್ದದ್ದು ಒಬ್ಬಳೇ. ಹೂವಿನ ಮರದ ಕೆಳಗೆ ಗಿಡ್ಡ ಮುದುಕಿಯೊಬ್ಬಳು ಪೊರಕೆ ಹಿಡಿದು ನಿಂತಿದ್ದಳು. ಸುಮಿಕೊ ಎಂದು ಹೆಸರು. ನರ್ಸರಿಯೂ ಗುಡಿಯೂ ಅವಳದೇ. ಪುರೋಹಿತರು ಹಬ್ಬಕ್ಕೆ ಮಾತ್ರ ಬರುತ್ತಾರೆ, ಉಳಿದ ದಿನವೆಲ್ಲ ತಾನೇ ಎಂದು ಇಂಗ್ಲಿಷಿನಲ್ಲಿ ಹೇಳಿಕೊಂಡಳು.

"ಕಿವಿಯಲ್ಲಿ ಏನು ಹೇಳಿದಿರಿ?"

"ಅದನ್ನು ಗಟ್ಟಿಯಾಗಿ ಹೇಳಬಾರದು" ಎಂದಳು ಜಯಮ್ಮ ಸಂಕೋಚದಿಂದ. "ತಪ್ಪಾಯಿತೇನೋ. ನಮ್ಮ ಕಡೆ ಹಾಗೆ ಮಾಡುತ್ತೇವೆ."

"ತಪ್ಪೇನಿಲ್ಲ. ಇಷ್ಟು ವರ್ಷ ಎಲ್ಲರೂ ಇದರ ತಲೆ ಸವರಿ ಹೋದರು. ಮಾತನಾಡಿಸಿದವರು ನೀವೇ ಮೊದಲು." ಸುಮಿಕೊ ಎತ್ತಿನ ಕಿವಿಯೊಳಗೆ ಬಿದ್ದಿದ್ದ ಒಂದು ಹೂವಿನ ಎಸಳನ್ನು ಕಿರುಬೆರಳಿನಿಂದ ತೆಗೆದಳು. "ನಮ್ಮ ಪದ್ಧತಿ ಬೇರೆ. ಪರೀಕ್ಷೆ ಇರುವವರು ಎತ್ತಿನ ತಲೆ ಸವರಬೇಕು, ಅದೇ ಕೈಯಿಂದ ತಮ್ಮ ತಲೆ ಸವರಿಕೊಳ್ಳಬೇಕು. ಯಾರಿಗೆ ಪರೀಕ್ಷೆ?"

"ನಮ್ಮ ಮಗಳಿಗೆ" ಎಂದ ವೀರಣ್ಣ.

ನಿಹಾರಿಕಾ ಎರಡು ಬೆರಳಿನಿಂದ ಎತ್ತಿನ ಹಣೆ ಮುಟ್ಟಿ, ತನ್ನ ಹಣೆ ಮುಟ್ಟಿಕೊಂಡು, ಮುಗಿಯಿತು ಎಂಬಂತೆ ಹಿಂದೆ ಸರಿದಳು. ಅಷ್ಟಕ್ಕೆ ತೃಪ್ತಿಯಾದೀತೇ ತಾಯಿಗೆ? ಜಯಮ್ಮ ತಾನೇ ಅಂಗೈ ಅಗಲಿಸಿ ಎತ್ತಿನ ನೆತ್ತಿಯಿಂದ ಹಿಂದಕ್ಕೆ ನಿಧಾನವಾಗಿ, ಎಣ್ಣೆ ಹಚ್ಚುವಂತೆ ಸವರಿದಳು. ಕಲ್ಲು ಬಿಸಿಲಿಗೆ ಬೆಚ್ಚಗಿತ್ತು, ಜೀವ ಇದ್ದ ಹಾಗೆ. ಆ ಬಿಸಿಯನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ಮಗಳ ತಲೆಯತ್ತ ಚಾಚಿದಳು.

"ಅಮ್ಮಾ, ಮೈ ಹೇರ್" ಎಂದು ನಿಹಾರಿಕಾ ತಪ್ಪಿಸಿಕೊಂಡು ಅಪ್ಪನ ಹಿಂದೆ ಹೋದಳು.

ಜಯಮ್ಮನ ಕೈ ಗಾಳಿಯಲ್ಲೇ ಉಳಿಯಿತು. ಬಿಸಿ ಇನ್ನೂ ಇತ್ತು. ಆರಿ ಹೋಗುವ ಮುಂಚೆ ಎಲ್ಲಾದರೂ ಇಡಬೇಕಿತ್ತು. ಅವಳು ಅದನ್ನು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. ತನ್ನ ತಲೆಯನ್ನು ತಾನೇ ಹೀಗೆ ಸವರಿಕೊಂಡು ಎಷ್ಟು ಕಾಲವಾಗಿತ್ತೋ. ಬೈತಲೆಯ ನರೆ ಕೂದಲು ಅಂಗೈಗೆ ಚುಚ್ಚಿತು. ಕಣ್ಣು ಮುಚ್ಚಿತು.

"ಓ, ನಿಮಗೂ ಪರೀಕ್ಷೆಯೇ?" ಎಂದಳು ಸುಮಿಕೊ.

"ಹೌದು" ಎಂದಳು ಜಯಮ್ಮ, ಕಣ್ಣು ಮುಚ್ಚಿಕೊಂಡೇ. "ನನಗೂ. ಅದೇ ಶನಿವಾರ."

ಹರಕೆ ಬರೆಯಲು ಗುಡಿಯಲ್ಲಿ ಮರದ ಚಿಕ್ಕ ಹಲಗೆಗಳಿದ್ದವು, ಬರೆದು ದಾರದಿಂದ ತೂಗುಹಾಕಬೇಕು. ತೂಗಿದ್ದವು ಗಾಳಿಗೆ ಒಂದಕ್ಕೊಂದು ತಾಗಿ, ದೂರದಲ್ಲಿ ಯಾರೋ ಚೌಕಾಬಾರದ ಕವಡೆ ಆಡಿಸುತ್ತಿರುವಂತೆ ಸದ್ದು ಮಾಡುತ್ತಿದ್ದವು. ವೀರಣ್ಣ ಒಂದು ಹಲಗೆ ತೆಗೆದುಕೊಂಡು ಮಗಳ ಪೂರ್ತಿ ಹೆಸರು, ಶಾಲೆಯ ಹೆಸರು, ಪರೀಕ್ಷಾ ಕೇಂದ್ರದ ಹೆಸರು, ಬೇಕಾದ ಮಾರ್ಕು ಎಲ್ಲವನ್ನೂ ದುಂಡಗೆ ಬರೆದ. "ದೇವರಿಗೆ ಕನ್‌ಫ್ಯೂಸ್ ಆಗಬಾರದು ನೋಡು." ಜಯಮ್ಮ ಇನ್ನೊಂದು ಹಲಗೆಗೆ ಕೈ ಚಾಚಿದಳು.

"ಮನೆಗೊಂದು ಸಾಕಲ್ವೇನೆ?"

ಕನ್ನಡ ಬಾರದ ಸುಮಿಕೊಗೆ ಆ ಪ್ರಶ್ನೆ ಅದು ಹೇಗೆ ಗೊತ್ತಾಯಿತೋ. "ತಲೆಗೊಂದು" ಎಂದು ಹಲಗೆಯನ್ನು ಜಯಮ್ಮನ ಕೈಯಲ್ಲಿಟ್ಟಳು. ಜಯಮ್ಮ ಕನ್ನಡದಲ್ಲಿ ಬರೆದಳು: ಜಯಮ್ಮ, ಶನಿವಾರ. ಬೇರೇನು ಬರೆಯಬೇಕೆಂದು ಹೊಳೆಯಲಿಲ್ಲ.

ವೀರಣ್ಣ ಇಣುಕಿ ನೋಡಿದ. "ಬದಲಾಯಿಸ್ತೀನಿ ಅಂದಿದ್ದೆ?"

"ಇನ್ನೂ ಬದಲಾಯಿಸಿಲ್ಲವಲ್ಲ" ಎಂದಳು ಅವಳು.

ಅಪ್ಪ ಮಗಳು ನರ್ಸರಿಯಲ್ಲಿ ಕುಬ್ಜ ಮರಗಳನ್ನು ನೋಡಲು ಹೋದರು. ಮುದುಕಿ ಮತ್ತೆ ಗುಡಿಸತೊಡಗಿದಳು. ಜಯಮ್ಮನಿಗೆ ನೋಡಿಕೊಂಡು ನಿಲ್ಲಲಾಗಲಿಲ್ಲ. ಮರಕ್ಕೆ ಒರಗಿಸಿಟ್ಟಿದ್ದ ಇನ್ನೊಂದು ಪೊರಕೆ ತೆಗೆದುಕೊಂಡಳು.

"ಇಡಿ ಅದನ್ನು" ಎಂದಳು ಸುಮಿಕೊ. "ಪರೀಕ್ಷೆಗೆ ಬಂದವರು ಇಲ್ಲಿ ಗುಡಿಸುವ ಹಾಗಿಲ್ಲ."

"ದೇವರ ನಿಯಮವೇ?"

"ನನ್ನ ನಿಯಮ. ಗುಡಿ ಕಟ್ಟಿಸಿದವನು ನನ್ನ ಗಂಡ. ಒಳಗೆ ಅವನ ಫೋಟೊ ಇದೆ. ಗುಡಿಸುತ್ತ ಬಂದವಳು ನಾನು. ಒಂದಾದರೂ ನಿಯಮ ನನ್ನದಿರಲಿ ಅಂತ."

ಜಯಮ್ಮ ಬೆಂಚಿನ ಮೇಲೆ ಕೂತಳು. ಕೈಗಳನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಬಿಡಿಸಲು ಅವರೆಕಾಯಿಯಿಲ್ಲ, ಮಡಿಸಲು ಬಟ್ಟೆಯಿಲ್ಲ. ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದುಕೊಂಡಿದ್ದ ಅವು ಯಾರದೋ ಮನೆಯವರು ಮರೆತು ಬಿಟ್ಟುಹೋದ ಮಕ್ಕಳ ಹಾಗೆ ಕಂಡವು.

"ಈ ಎತ್ತು ಯಾಕೆ ಇಲ್ಲಿ ಕೂತಿದೆ?" ಎಂದು ಕೇಳಿದಳು.

ಸುಮಿಕೊ ಗುಡಿಸುತ್ತಲೇ ಹೇಳಿದಳು. ತೆಂಜಿನ್ ಒಂದು ಕಾಲಕ್ಕೆ ಮನುಷ್ಯನೇ. ದೊಡ್ಡ ವಿದ್ವಾಂಸ. ಆಗದವರು ರಾಜನಿಗೆ ಚಾಡಿ ಹೇಳಿ ಅವನನ್ನು ದೂರದ ಊರಿಗೆ ಅಟ್ಟಿಸಿದರು. ಅಲ್ಲೇ ಕೊರಗಿ ಸತ್ತ. ಶವವನ್ನು ಎತ್ತಿನ ಗಾಡಿಯಲ್ಲಿ ಒಯ್ಯುತ್ತಿದ್ದರು. ಒಂದು ಕಡೆ ಬಂದದ್ದೇ ಎತ್ತು ಕೂತುಬಿಟ್ಟಿತು. ಹೊಡೆದರು, ಎಳೆದರು, ಹುಲ್ಲು ತೋರಿಸಿದರು. ಏಳಲಿಲ್ಲ. ಕೊನೆಗೆ ಅದು ಕೂತಲ್ಲೇ ಅವನನ್ನು ಮಣ್ಣು ಮಾಡಿದರು, ಅಲ್ಲೇ ಗುಡಿಯಾಯಿತು.

"ಅಲ್ಲಿಯವರೆಗೆ ಗಾಡಿ ಎಳೆದದ್ದಕ್ಕೆ ಅದಕ್ಕೇನು ಕೊಟ್ಟರು?" ಎಂದಳು ಜಯಮ್ಮ.

"ಹುಲ್ಲು."

"ಕೂತದ್ದಕ್ಕೆ?"

ಸುಮಿಕೊ ಪೊರಕೆಯಿಂದಲೇ ಗುಡಿಯ ಕಡೆ ತೋರಿಸಿದಳು. ಪೊರಕೆಯ ಸದ್ದು ಜಲ್ಲಿಯ ಮೇಲೆ ಹೋಗಿ ಬಂದು, ಹೋಗಿ ಬಂದು, ತೆರೆಯ ಸದ್ದಿನಂತಾಯಿತು. ಬೆಳಗಿನ ಜಾವ ಎದ್ದು ಊಟ ಕಟ್ಟಿದ್ದ ಜಯಮ್ಮನ ರೆಪ್ಪೆ ಭಾರವಾಯಿತು.

ಎತ್ತು ಎದ್ದು ನಿಂತಿತ್ತು. ಮೈ ಕೊಡವಿ, ಕಮಾನಿನಡಿ ಹಾದು ಫ್ರೀವೇಗೆ ಇಳಿದಿತ್ತು. ಮಂಜು ಕವಿದ ಫ್ರೀವೇ. ಕಾರುಗಳು ಸದ್ದಿಲ್ಲದೆ ಅದರ ಎರಡೂ ಕಡೆ ಹರಿಯುತ್ತಿದ್ದವು. ಎತ್ತಿನ ಬೆನ್ನ ಮೇಲೆ ಒರಳುಕಲ್ಲಿತ್ತು, ಇಸ್ತ್ರಿ ಮಾಡಿದ ಶರ್ಟುಗಳ ರಾಶಿಯಿತ್ತು, ಹಂಡೆಯಲ್ಲಿ ಬಿಸಿನೀರು ತುಳುಕುತ್ತಿತ್ತು. ಶರ್ಟುಗಳ ಮೇಲೆ ಮೈದುನರು ಸಾಲಾಗಿ ಕೂತು, ತಲೆ ತಗ್ಗಿಸಿ ಓದುತ್ತಿದ್ದರು. ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ಅತ್ತೆ ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಕೊಂಬು ಹಿಡಿದು ಕೂತಿದ್ದರು. ಎತ್ತು ನಡೆಯಿತು, ನಡೆಯಿತು. ಆಮೇಲೆ ಯಾರಿಗೂ ಹೇಳದೆ, ಎಲ್ಲ ಲೇನುಗಳ ನಡುವೆ, ಮುಂಗಾಲು ಮಡಿಸಿ ಕೂತುಕೊಂಡಿತು. ಹಾರನ್‌ಗಳು ಕೂಗಿದವು, ನೀರಿನಡಿಯಿಂದ ಕೂಗಿದಂತೆ. ಎತ್ತು ಮೆಲುಕು ಹಾಕುತ್ತಿತ್ತು. ಜಯಮ್ಮ ಹೆದರಿ ಕಾದಳು, ಈಗ ಹೊಡೆಯುತ್ತಾರೆ ಎಂದು. ಯಾರೂ ಹೊಡೆಯಲಿಲ್ಲ. ಮೈದುನರು ಪುಸ್ತಕ ಮಡಿಚಿ ಒಬ್ಬೊಬ್ಬರಾಗಿ ಇಳಿದರು. ತಮ್ಮ ತಮ್ಮ ಶರ್ಟುಗಳನ್ನು ತೋಳ ಮೇಲೆ ಹಾಕಿಕೊಂಡು, ಹಂಡೆಯನ್ನು ಇಬ್ಬರು ಎತ್ತಿಕೊಂಡು, ಅತ್ತೆಯ ಕೈ ಹಿಡಿದು, ಮಾತನಾಡುತ್ತ ಮಂಜಿನೊಳಗೆ ನಡೆದು ಹೋದರು. ಅಷ್ಟು ಸುಲಭವಾಗಿತ್ತು ಅದು. ಎತ್ತಿನ ಬೆನ್ನು ಬರಿದಾಗಿ, ಅದರ ಮೇಲೆ ಬಿಳಿ ಹೂವು ಬೀಳುತ್ತಿತ್ತು.

"ಅಮ್ಮ" ಎಂದು ನಿಹಾರಿಕಾ ಭುಜ ಅಲುಗಿಸಿದಳು. ಹಸಿವಂತೆ.

ಜಯಮ್ಮ ಎಚ್ಚರಾದಳು. ಮಡಿಲಿನ ಅಂಗೈಗಳಲ್ಲಿ ಎಸಳು ತುಂಬಿತ್ತು. "ಬ್ಯಾಗಲ್ಲಿದೆ, ತಗೊಂಡು ತಿನ್ನಿ" ಎಂದಳು, ಏಳದೆ. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬ್ಯಾಗು ಬಿಚ್ಚಿ ಪುಳಿಯೋಗರೆಯ ಡಬ್ಬಿ ಹುಡುಕತೊಡಗಿದರು.

ಸೋಮವಾರ ಬಂತು. ಇಬ್ಬರೂ ಹೊರಗೆ ಹೋದ ಮೇಲೆ ಜಯಮ್ಮ ಫೋನನ್ನು ಊಟದ ಮೇಜಿನ ಮೇಲಿಟ್ಟು ಎದುರು ಕೂತಳು. ಪರೀಕ್ಷೆಯವರ ನಂಬರು ಬಾಯಿಪಾಠವಾಗಿತ್ತು. ಹಿತ್ತಲಲ್ಲಿ ನಿಂಬೆಗಿಡದ ನೆರಳು ನಿಧಾನವಾಗಿ ಬೇಲಿ ಹತ್ತುತ್ತಿತ್ತು. ಡ್ರೈಯರ್ ಬಟ್ಟೆ ಒಣಗಿಸಿ ಮುಗಿಸಿ, ಬಂದು ತೆಗಿ ಎಂದು ಕೂಗಿತು. ಅವಳು ಏಳಲಿಲ್ಲ. ಅದು ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಕೂಗಿ ಸುಮ್ಮನಾಯಿತು. ಇಷ್ಟು ವರ್ಷ ಅದು ಒಂದೇ ಸಲ ಕೂಗುವುದೆಂದು ತಿಳಿದಿದ್ದಳು. ಎರಡನೆಯ ಕೂಗಿನವರೆಗೆ ಅವಳು ಯಾವತ್ತೂ ಕಾದಿರಲಿಲ್ಲ. ಪಾಠದ ಪುಸ್ತಕ ಬಿಚ್ಚಿಕೊಂಡಳು. ಯಾವ ಬಣ್ಣದ ಮುಚ್ಚಳದ ಕೊಳವೆಗೆ ಯಾವ ಕ್ರಮದಲ್ಲಿ ರಕ್ತ ತುಂಬಬೇಕೆಂಬ ಪಾಠವನ್ನು ತುಟಿ ಆಡಿಸುತ್ತ ಓದಿದಳು. ಮತ್ತೆ ತಲೆ ಎತ್ತಿದಾಗ ಅಡುಗೆಮನೆಯಲ್ಲಿ ಸಂಜೆಯ ಬೆಳಕಿತ್ತು, ಪರೀಕ್ಷೆಯವರ ಆಫೀಸು ಮುಚ್ಚಿತ್ತು.

ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. "ಫೋನ್ ಮಾಡ್ಲಿಲ್ಲ ನಾನು."

"ನಾಳೆ ಮಾಡು."

"ಇವತ್ತೇ ಕೊನೆ ಇತ್ತು. ಶನಿವಾರ ನಾನು ಪಸಡೀನಾಕ್ಕೆ ಹೋಗ್ತೀನಿ."

ವೀರಣ್ಣ ತಟ್ಟೆಯಿಂದ ತಲೆ ಎತ್ತಿದ. "ಮತ್ತೆ ಇವಳು?"

"ನೀವು ಬಿಟ್ಟು ಬನ್ನಿ. ಮಧ್ಯಾಹ್ನ ಹೋಗಿ ಕರ್ಕೊಂಡು ಬನ್ನಿ."

"ಟೇಪ್‌ಔಟ್ ಕಣೇ. ಆ ಚಿಪ್ಪು..."

"ಚಿಪ್ಪಿಗೆ ಕಾಯೋಕೆ ಜನ ಇದಾರೆ. ಇಡೀ ಟೀಮ್ ಇದೆ ಅಂತ ನೀವೇ ಹೇಳ್ತೀರಿ. ನನ್ನ ಟೀಮಲ್ಲಿ ನೀವೊಬ್ರೇ."

"ಗುಡಿಗೆ ಕರ್ಕೊಂಡು ಹೋಗಿದ್ದೇ ತಪ್ಪಾಯ್ತು" ಎಂದು ಅವನು ಗೊಣಗಿದ. "ಮಗಳಿಗೆ ಬುದ್ಧಿ ಬರಲಿ ಅಂತ ಹೋದ್ರೆ ತಾಯಿಗೆ ಬಂತು."

"ಬಂದಿದ್ದು ಒಳ್ಳೇದೇ ಆಯ್ತಲ್ಲ."

ನಿಹಾರಿಕಾ ಇಂಗ್ಲಿಷಿನಲ್ಲಿ, ಜಗಳ ಯಾಕೆ, ಎಮಿಯ ಅಮ್ಮ ಕರೆದುಕೊಂಡು ಹೋಗುತ್ತಾರೆ, ಕೇಳಿದರಾಯಿತು ಎಂದಳು.

"ಎಮಿಯ ಅಮ್ಮನಿಗೂ ಮನೆ ಇದೆ, ಪುಟ್ಟ" ಎಂದಳು ಜಯಮ್ಮ. "ನಿಮ್ಮಪ್ಪನಿಗೆ ಲೈಸೆನ್ಸ್ ಇದೆ. ಪೊವೇಗೆ ದಾರಿಯೂ ಗೊತ್ತು."

ವೀರಣ್ಣ ಎರಡು ದಿನ ಮಾತು ಕಡಿಮೆ ಮಾಡಿದ. ಮೂರನೆಯ ದಿನ ಆಫೀಸಿನಿಂದ ಬಂದವನು ಶೂ ಬಿಚ್ಚುತ್ತ, ಶನಿವಾರದ ಟೇಪ್‌ಔಟ್ ಮೀಟಿಂಗನ್ನು ಸ್ವಲ್ಪ ಮುಂದೆ ಹಾಕಿದರು ಎಂದ. ಹಾಕಿಸಿದೆ ಎನ್ನಲಿಲ್ಲ. ಜಯಮ್ಮ ಯಾರು ಹಾಕಿದರು ಎಂದು ಕೇಳಲಿಲ್ಲ. "ಅವಳು ಪೆನ್ಸಿಲ್ ಯಾವುದು ತಗೊಂಡು ಹೋಗ್ಬೇಕು? ಕ್ಯಾಲ್ಕುಲೇಟರ್ ಎಲ್ಲಿರುತ್ತೆ?" ಎಂದು ಅವನು ಕೇಳಿದ.

"ಅವಳನ್ನೇ ಕೇಳಿ" ಎಂದಳು.

ಶನಿವಾರ ಇಬ್ಬರೂ ಏಳುವ ಮುಂಚೆ ಜಯಮ್ಮ ತನ್ನ ಕಾರು ತೆಗೆದಳು. ಸೊಲಾನಾ ಬೀಚ್ ಸ್ಟೇಷನ್ನಿನಲ್ಲಿ ಅದನ್ನು ನಿಲ್ಲಿಸಿ ಲಾಸ್ ಏಂಜಲಿಸ್ ರೈಲು ಹತ್ತಿದಳು. ಸಮುದ್ರದ ಕಡೆಯ ಕಿಟಕಿ ಸಿಕ್ಕಿತು. ನೀರು ಹಳಿಯ ಪಕ್ಕದಲ್ಲೇ ಇತ್ತು, ಬೂದು ಬಣ್ಣದ್ದು, ಇನ್ನೂ ಪೂರ್ತಿ ಎಚ್ಚರಾಗದ್ದು. ಮರಳಿನ ಮೇಲೆ ಹಕ್ಕಿಗಳು ತೆರೆ ಬಂದಾಗ ಹಿಂದೆ ಓಡಿ, ತೆರೆ ಹೋದಾಗ ಮುಂದೆ ಓಡುತ್ತಿದ್ದವು. ಒಂದು ಊರು, ಇನ್ನೊಂದು ಊರು. ತಾನು ಒಬ್ಬಳೇ ಇಷ್ಟು ದೂರ ಯಾವತ್ತು ಹೋಗಿದ್ದೆ ಎಂದು ನೆನಪು ಮಾಡಿಕೊಂಡಳು. ಇಲ್ಲವೇ ಇಲ್ಲವೆಂದು ಹೊಳೆದು, ಯಾರಾದರೂ ಗಮನಿಸಿದರೇನೋ ಎಂಬಂತೆ ಸುತ್ತ ನೋಡಿದಳು. ಎದುರಿನ ಸೀಟಿನ ಮುದುಕ ಬಾಯಿ ತೆರೆದು ನಿದ್ರಿಸುತ್ತಿದ್ದ. ಅವನ ಮುಂಗೈಯ ರಕ್ತನಾಳಗಳು ಎಷ್ಟು ಚೆನ್ನಾಗಿದ್ದವೆಂದರೆ ಜಯಮ್ಮ ಬಹಳ ಹೊತ್ತು ಅವನ್ನೇ ನೋಡಿದಳು.

ಪಸಡೀನಾಕ್ಕೆ ಇನ್ನೊಂದು ಚಿಕ್ಕ ರೈಲು. ಪರೀಕ್ಷಾ ಕೇಂದ್ರ ಒಂದು ಸಾದಾ ಆಫೀಸು. ಕಂಪ್ಯೂಟರುಗಳು, ಅವುಗಳ ನಡುವೆ ತಡಿಕೆಯಂಥ ಗೋಡೆಗಳು. ಮೇಜಿನ ಹಿಂದಿದ್ದ ಹುಡುಗಿ ಅವಳ ಫೋನು, ಪರ್ಸು, ವಾಚು, ಎಲ್ಲವನ್ನೂ ಒಂದು ಕಪಾಟಿನಲ್ಲಿಟ್ಟು ಬೀಗ ಹಾಕಿಸಿದಳು. ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದ್ದ ದನಿಯಲ್ಲಿ ನಿಯಮ ಒಪ್ಪಿಸಿದಳು. ಒಳಗೆ ಹೋದ ಮೇಲೆ ಪರೀಕ್ಷೆ ಮುಗಿಯುವವರೆಗೆ ಯಾರೂ ನಿಮ್ಮನ್ನು ಕರೆಯುವ ಹಾಗಿಲ್ಲ. ಮನೆಯಿಂದ ಫೋನ್ ಬಂದರೂ ನಾವು ಒಳಗೆ ಬಂದು ಹೇಳುವುದಿಲ್ಲ. ಒಪ್ಪಿಗೆಯೇ?

ಜಯಮ್ಮ ಆ ನಿಯಮವನ್ನು ತುಟಿಯಲ್ಲೇ ಇನ್ನೊಮ್ಮೆ ಹೇಳಿ ನೋಡಿಕೊಂಡಳು.

ಇಂಗ್ಲಿಷ್ ತಿಳಿಯಲಿಲ್ಲವೇನೋ ಎಂದುಕೊಂಡು ಹುಡುಗಿ ಈ ಸಲ ಬಿಡಿಸಿ ಬಿಡಿಸಿ ಹೇಳಿದಳು. ಯಾರೂ. ನಿಮ್ಮನ್ನು. ಕರೆಯುವ ಹಾಗಿಲ್ಲ.

"ಒಪ್ಪಿಗೆ" ಎಂದಳು ಜಯಮ್ಮ.

ಕುರ್ಚಿಯನ್ನು ಮುಂದೆ ಎಳೆದುಕೊಂಡು ಕೂತಳು. ಕೋಣೆಯಲ್ಲಿ ಏರ್ ಕಂಡೀಷನರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಪರದೆಯ ಮೇಲೆ ಅವಳ ಹೆಸರು ಮೂಡಿತು, ಅದರ ಕೆಳಗೆ ಮೊದಲನೆಯ ಪ್ರಶ್ನೆ. ಓದಿದಳು, ಅರ್ಥವಾಯಿತು, ಉತ್ತರವೂ ಗೊತ್ತಿತ್ತು. ಆದರೂ ತಕ್ಷಣ ಒತ್ತಲಿಲ್ಲ. ಬೆನ್ನನ್ನು ಕುರ್ಚಿಗೆ ಪೂರ್ತಿಯಾಗಿ ಒರಗಿಸಿ, ಅದೇ ಪ್ರಶ್ನೆಯನ್ನು ಮೊದಲಿನಿಂದ, ಒಂದೊಂದೇ ಪದವನ್ನು ನೋಡುತ್ತ, ಇನ್ನೊಮ್ಮೆ ಓದಿದಳು.